ಒಂದೇ ಕ್ಲಿಪ್ಪಿನ ಬಟ್ಟೆ

ಆಸ್ಪತ್ರೆಯಿಂದ ಬಂದ ಕಾಗದದಲ್ಲಿ ಇದ್ದದ್ದು ಮೂರೇ ಸಾಲು. ಅರವತ್ತು ದಾಟಿದ ಲಾಂಡ್ರಿ ಕೆಲಸಗಾರರು ಮುಂದಿನ ಆದೇಶದವರೆಗೆ ಮನೆಯಲ್ಲೇ ಇರತಕ್ಕದ್ದು. ಈ ಕ್ರಮ ಅವರ ಒಳಿತಿಗಾಗಿ. ಈ ಅವಧಿಗೆ ಸಂಬಳ ಇರುವುದಿಲ್ಲ.

ಕೆಂಡಕ್ಕ ಮೂರನೇ ಮಹಡಿಯ ಕಿಟಕಿಯಲ್ಲಿ ನಿಂತು, ಓಣಿಯ ಆಚೆ ಬದಿಗೂ ಕೇಳುವ ಹಾಗೆ ಅದನ್ನು ಓದಿದಳು.

"ನಮ್ಮ ಒಳಿತಂತೆ! ಮೂವತ್ತು ವರ್ಷ ರಕ್ತದ ಬಟ್ಟೆ ಬರಿಗೈಯಲ್ಲಿ ಒಗೆಸಿದ್ರಲ್ಲ, ಆಗ ಎಲ್ಲಿ ಮಲಗಿತ್ತೋ ಈ ಒಳಿತು!"

ಎದುರು ಕಿಟಕಿಯಲ್ಲಿ ಗಂಜಿ ನಕ್ಕಳು. ಲಾಂಡ್ರಿಯಲ್ಲಿ ಬಟ್ಟೆಗೆ ಗಂಜಿ ಹಾಕುವ ತೊಟ್ಟಿ ಅವಳ ಕೈಯಲ್ಲಿತ್ತು. ಹೆಸರೂ ಅಲ್ಲಿಂದಲೇ ಅಂಟಿತ್ತು. ಆದರೆ ಅವಳು ಮಾತ್ರ ಗಂಜಿ ಕಾಣದ ಬಟ್ಟೆಯ ಹಾಗೆ ಮೆತ್ತಗೆ. ಗಟ್ಟಿಯಾಗಿ ಮಾತಾಡಿದರೆ ಯಾರಿಗೆ ನೋವಾಗುತ್ತದೋ ಎಂದು ಅರ್ಧ ಮಾತನ್ನು ಗಂಟಲಲ್ಲೇ ಉಳಿಸಿಕೊಳ್ಳುವವಳು. ಕೆಂಡಕ್ಕ ಇಸ್ತ್ರಿ ಮಾಡಿ ಮಡಿಸುವ ಮೇಜಿನವಳು. ಸೊಟ್ಟ ಮಡಿಕೆ ಕಂಡರೆ ಅವಳ ಮೈ ಉರಿಯುತ್ತಿತ್ತು.

ಓಣಿ ಹನ್ನೆರಡು ಅಡಿ ಅಗಲ. ಎರಡೂ ಬದಿಗೆ ಆಸ್ಪತ್ರೆಯ ಕೆಲಸಗಾರರ ಹಳೆಯ ಕಟ್ಟಡಗಳು. ಈ ಕಿಟಕಿಯಿಂದ ಆ ಕಿಟಕಿಗೆ ಎರಡು ಸಣ್ಣ ಗಾಲಿಗಳ ಮೇಲೆ ಸುತ್ತುವ ಒಂದು ಹಗ್ಗ. ಇಪ್ಪತ್ತೆರಡು ವರ್ಷಗಳಿಂದ ಇಬ್ಬರೂ ಅದರ ಮೇಲೆಯೇ ಬಟ್ಟೆ ಒಣಗಿಸುತ್ತಿದ್ದರು. ಆ ಹಗ್ಗದ ಮೇಲೆ ಒಣಗಿದ ಬಟ್ಟೆಗಿಂತ ನಡೆದ ಜಗಳ ಹೆಚ್ಚು. ಕೆಂಡಕ್ಕ ಬಟ್ಟೆಯ ಅಂಚನ್ನು ಹಗ್ಗದ ಮೇಲೆ ನಾಲ್ಕು ಬೆರಳು ಮಡಿಚಿ, ಎರಡು ತುದಿಗೆ ಎರಡು ಕ್ಲಿಪ್ ಹಾಕುವಳು. ಗಂಜಿ ಎರಡೇ ಬೆರಳು ಮಡಿಸುವಳು.

"ಎರಡು ಬೆರಳು ಸಾಕು ಕಣೇ, ಬೇಗ ಒಣಗುತ್ತೆ."

"ಗಾಳಿ ಬಂದ್ರೆ ಹಾರಿಹೋಗುತ್ತೆ. ಆಮೇಲೆ ಓಣಿಯಲ್ಲಿ ಬಿದ್ದ ನಿನ್ನ ಲಂಗ ಎತ್ತಿಕೊಂಡು ಬರೋಕೆ ನಾನೇ ಇಳೀಬೇಕು."

"ನನ್ನ ಅತ್ತೆ ಕೂಡ ಇಷ್ಟು ಹುಳುಕು ಹುಡುಕ್ತಿರಲಿಲ್ಲ ಮಾರಾಯ್ತಿ."

"ನಿನ್ನ ಅತ್ತೆಗೆ ಇಸ್ತ್ರಿ ಬರ್ತಿರಲಿಲ್ಲ."

ಕೆಂಡಕ್ಕ ಅಷ್ಟಕ್ಕೇ ಬಿಡುತ್ತಿರಲಿಲ್ಲ. ಗಂಜಿಯ ಬಟ್ಟೆಯನ್ನು ತನ್ನ ಕಡೆಗೆ ಎಳೆದು, ತನ್ನ ಲೆಕ್ಕದಂತೆ ನಾಲ್ಕು ಬೆರಳು ಮಡಿಚಿ, ಮತ್ತೆ ಓಣಿಯ ನಡುವಿಗೆ ತಳ್ಳುತ್ತಿದ್ದಳು. ಗಂಜಿ ಅದನ್ನು ಸುಮ್ಮನೆ ನೋಡುತ್ತಿದ್ದಳು. ಅದು ಅವರ ಸಂಸಾರ.

ರೋಗ ಬಂದು ಊರಿನ ಬಾಗಿಲುಗಳೆಲ್ಲ ಮುಚ್ಚಿದಾಗ ಆ ಹಗ್ಗಕ್ಕೆ ಇನ್ನೊಂದು ಕೆಲಸ ಸಿಕ್ಕಿತು. ಕೆಂಡಕ್ಕನ ಕೆಳಗಿನ ಮಹಡಿಯಲ್ಲಿ ಆಯಮ್ಮ ಇದ್ದಳು, ಹೆರಿಗೆ ವಾರ್ಡಿನಲ್ಲಿ ಆಯಾ ಆಗಿ ನಿವೃತ್ತಳಾದವಳು. ಅವಳ ಎದುರಿಗೆ, ಅಂದರೆ ಗಂಜಿಯ ಕೆಳಗೆ, ಟೇಲರಮ್ಮ. ಆಸ್ಪತ್ರೆಯ ಹರಿದ ಹಾಸುಗಳಿಗೆ ತೇಪೆ ಹಾಕಿ ಹಾಕಿ, ಮಷೀನಿನ ಸದ್ದಿಗೆ ಕಿವಿ ಮಂದವಾದವಳು. ಅವರಿಬ್ಬರ ನಡುವೆಯೂ ಒಂದು ಹಗ್ಗ ಇತ್ತು. ನಾಲ್ಕು ಕಿಟಕಿ, ನಾಲ್ಕು ಒಂಟಿ ಹೆಂಗಸರು. ದಿನಕ್ಕೆರಡು ಬಾರಿ ಓಣಿಯಲ್ಲಿ ವ್ಯಾನು ಬಂದು ಮನೆಯಲ್ಲೇ ಇರಿ, ಸುರಕ್ಷಿತವಾಗಿರಿ ಎಂದು ಕೂಗಿಹೋಗುತ್ತಿತ್ತು. ಮನೆಯಲ್ಲೇ ಸತ್ತರೆ ಯಾರಿಗೆ ಗೊತ್ತಾಗುತ್ತದೆ ಎಂದು ಆ ವ್ಯಾನು ಹೇಳುತ್ತಿರಲಿಲ್ಲ.

ಹೇಳಿದವಳು ಆಯಮ್ಮ. "ದಿನಾ ಬೆಳಗ್ಗೆ ಏಳಕ್ಕೆ ಒಬ್ಬೊಬ್ಬರೂ ಒಂದು ಬಿಳಿ ಬಟ್ಟೆ ಹಾಕಿ ನಡುವಿಗೆ ಎಳೀರಿ. ಸಂಜೆ ಒಳಗೆ ತಗೊಳ್ಳಿ. ಬಿಳಿ ಇದ್ರೆ ಚೆನ್ನಾಗಿದೀವಿ ಅಂತ. ಏನಾದ್ರೂ ಆದ್ರೆ ಹಸಿರು."

ಹಸಿರನ್ನು ಟೇಲರಮ್ಮ ಕೊಟ್ಟಳು. ಆಪರೇಷನ್ ಕೋಣೆಯಿಂದ ಎಸೆಯಲು ಬಂದಿದ್ದ ಹಳೇ ಹಾಸೊಂದನ್ನು ನಾಲ್ಕಾಗಿ ಕತ್ತರಿಸಿ, ಅಂಚು ಹೊಲಿದು, ಒಬ್ಬೊಬ್ಬರಿಗೆ ಒಂದೊಂದು. "ಅಂಚು ಹೊಲಿಯದೆ ಕೊಡೋಕೆ ಮನಸ್ಸು ಬರಲಿಲ್ಲ. ಸಾಯೋ ಹೊತ್ತಿಗೆ ಆದ್ರೂ ನೀಟಾಗಿರಲಿ," ಎಂದಳು. ಎಲ್ಲರೂ ನಕ್ಕರು. ಟೇಲರಮ್ಮನಿಗೆ ಯಾಕೆ ನಕ್ಕರೆಂದು ತಿಳಿಯಲಿಲ್ಲ, ಆದರೂ ಜೊತೆಗೆ ನಕ್ಕಳು.

ಎರಡು ವಾರ ಕಳೆಯಿತು. ಲಾಂಡ್ರಿಯ ಚಿಕ್ಕ ವಯಸ್ಸಿನವರಲ್ಲಿ ಮೂವರು ಕಾಯಿಲೆ ಬಿದ್ದರು, ಉಳಿದವರು ಹೆದರಿ ಓಡಿದರು. ಒಳಿತಿಗಾಗಿ ಮನೆಗೆ ಕಳಿಸಿದ್ದ ಮುದುಕಿಯರ ನೆನಪು ಆಗ ಬಂತು ಸೂಪರ್‌ವೈಸರನಿಗೆ. ಕಾಗದ ಬರೆಯಲಿಲ್ಲ. ಬರೆದರೆ ಸಾಕ್ಷಿ ಉಳಿಯುತ್ತದೆ. ಫೋನ್ ಮಾಡಿದ. ಸುಮ್ಮನೆ ಎರಡು ದಿನ ಬಂದುಹೋಗಿ ತಾಯಿ, ಹಿಂದಿನ ಗೇಟಿನಿಂದ ಬನ್ನಿ.

ಕೆಂಡಕ್ಕ ಅವನಿಗೆ ಹೇಳಿದ್ದು ಇಡೀ ಓಣಿಗೆ ಕೇಳಿಸಿತ್ತು. ಆಮೇಲೆ ಅವಳು ಉಳಿದ ಮೂವರನ್ನೂ ಕಿಟಕಿಗೆ ಕರೆದು ಒಂದು ಕಾಗದ ಬರೆಸಿದಳು. ಗ್ಲೌಸ್, ಮಾಸ್ಕ್, ರಬ್ಬರ್ ಏಪ್ರನ್ ಕೊಡಬೇಕು. ಸೋಂಕಿನ ವಾರ್ಡಿನ ಚೀಲಗಳ ಮೇಲೆ ಗುರುತು ಇರಬೇಕು. ಹಾಜರಿ ಪುಸ್ತಕದಲ್ಲಿ ಹೆಸರು ಬರೆಯಬೇಕು. ಇಷ್ಟು ಆಗದೆ ನಾವು ಯಾರೂ ಒಳಗೆ ಕಾಲಿಡುವುದಿಲ್ಲ. ಕಾಗದ ಕ್ಲಿಪ್ಪಿಗೆ ಸಿಕ್ಕಿಕೊಂಡು ಹಗ್ಗದ ಮೇಲೆ ಆ ಕಡೆ ಹೋಗಿ, ಸಹಿ ಹಾಕಿಸಿಕೊಂಡು ಈ ಕಡೆ ಬಂತು. ಅದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ.

ಗಂಜಿ ಸಹಿ ಹಾಕಿದಳು. ಹಾಕಿ, ಪೆನ್ನು ಕೈಯಲ್ಲೇ ಹಿಡಿದು ನಿಂತಳು.

"ಹಾಸಿಗೆಗಳ ಮೇಲೆ ಹಾಸೇ ಇಲ್ವಂತೆ ಕಣೇ. ಬರೀ ರೆಕ್ಸಿನ್ ಮೇಲೆ ಮಲಗಿಸಿದಾರಂತೆ. ಜ್ವರದ ಬೆವರಿಗೆ ಚರ್ಮ ಅಂಟಿಕೊಳ್ಳುತ್ತಂತೆ."

"ಅದು ಆಸ್ಪತ್ರೆಯ ಪಾಪ, ನಿನ್ನದಲ್ಲ."

"ಮಲಗಿರೋರು ಆಸ್ಪತ್ರೆ ಅಲ್ವಲ್ಲ."

ಕೆಂಡಕ್ಕನಿಗೆ ರೇಗಿತು. ಮೂವತ್ತು ವರ್ಷ ಇಂಥ ಮೆತ್ತಗಿನ ಮಾತುಗಳೇ ತಮ್ಮನ್ನು ಬಗ್ಗಿಸಿದ್ದು ಎಂದು ಅವಳಿಗೆ ಗೊತ್ತಿತ್ತು. ಪ್ರತಿ ಸಲ ಯಾರೋ ಒಬ್ಬಳ ಕರುಳು ಚುರ್ ಎನ್ನುತ್ತಿತ್ತು, ಪ್ರತಿ ಸಲ ಮೇಲಿನವರು ಗೆಲ್ಲುತ್ತಿದ್ದರು.

"ಕೇಳಿಸ್ಕೊಳ್ಳಿ ಎಲ್ಲರೂ," ಎಂದಳು. ಕಣ್ಣು ಮಾತ್ರ ಗಂಜಿಯ ಮೇಲೆ. "ಈ ಮಾತು ಮುರಿದು ಯಾರು ಆ ಗೇಟು ದಾಟ್ತಾರೋ, ಅವರ ಜೊತೆ ನಂಗೆ ಮಾತಿಲ್ಲ. ಈ ಹಗ್ಗಾನೂ ಕತ್ತರಿಸಿ ಬಿಸಾಕ್ತೀನಿ."

ಗಂಜಿ ಪೆನ್ನನ್ನು ಕ್ಲಿಪ್ಪಿಗೆ ಸಿಕ್ಕಿಸಿ ವಾಪಸು ಕಳಿಸಿದಳು. ಕಿಟಕಿ ಮುಚ್ಚಿತು.

ಅಂದಿನಿಂದ ಗಂಜಿ ಕಿಟಕಿಗೆ ಮುಖ ತೋರಿಸಲಿಲ್ಲ. ಬೆಳಗ್ಗೆ ಏಳಕ್ಕೆ ಬಿಳಿ ಬಟ್ಟೆ ಬರುತ್ತಿತ್ತು, ಸಂಜೆ ಒಳಗೆ ಹೋಗುತ್ತಿತ್ತು. ಮುನಿಸು, ಎಂದುಕೊಂಡಳು ಕೆಂಡಕ್ಕ. ಇರಲಿ, ಎಷ್ಟು ದಿನ ಇರ್ತಾಳೆ. ಹಿಂದೆಯೂ ಒಮ್ಮೆ ಹೀಗೇ ಹತ್ತು ದಿನ ಮಾತುಬಿಟ್ಟು, ಹನ್ನೊಂದನೇ ದಿನ "ಉಪ್ಪಿದ್ಯೇನೇ" ಎಂದು ಏನೂ ಆಗದವಳ ಹಾಗೆ ಕೇಳಿದ್ದಳು.

ಆದರೆ ಆರನೇ ದಿನ ಬಟ್ಟೆ ಸೊಟ್ಟ ಬಂತು. ಎರಡು ಬೆರಳೂ ಇಲ್ಲ, ಮಡಿಕೆಯೇ ಇಲ್ಲ. ನಟ್ಟನಡುವೆ ಮುದ್ದೆ ಮಾಡಿ ಹಿಡಿದು ಒಂದೇ ಒಂದು ಕ್ಲಿಪ್. ನೇಣು ಹಾಕಿದ ಕೋಳಿಯ ಹಾಗೆ ನೇತಾಡುತ್ತಿತ್ತು.

ಕೆಂಡಕ್ಕನಿಗೆ ಕೆನ್ನೆಗೆ ಹೊಡೆದಂತಾಯಿತು. ಲಾಂಡ್ರಿಯಲ್ಲಿ ಇಡೀ ಬದುಕು ಸವೆಸಿದ ಹೆಂಗಸು ಬಟ್ಟೆಯನ್ನು ಹೀಗೆ ನೇತುಹಾಕುವುದು ಬೈಗುಳವಲ್ಲದೆ ಇನ್ನೇನು? "ನನ್ನ ಹೊಟ್ಟೆ ಉರಿಸೋಕೇ ಅಂತ ಮಾಡಿದಾಳೆ ನೋಡು," ಎಂದು ಕೆಳಗಿನ ಆಯಮ್ಮನಿಗೆ ಕೇಳುವ ಹಾಗೆ ಹೇಳಿದಳು. ಹಗ್ಗ ಎಳೆದು, ಬಟ್ಟೆಯನ್ನು ಕೈಗೆ ತೆಗೆದುಕೊಂಡು, ಝಾಡಿಸಿ, ನಾಲ್ಕು ಬೆರಳು ಮಡಿಚಿ, ಎರಡು ಕ್ಲಿಪ್ ಹಾಕಿ ನಡುವಿಗೆ ತಳ್ಳಿದಳು. ಕ್ಲಿಪ್ಪಿನಿಂದ ಬ್ಲೀಚಿನ ಘಾಟು ಬಂತು. ಕ್ಲಿಪ್ಪನ್ನೂ ತೊಳೆಯೋಕೆ ಶುರು ಮಾಡಿದಾಳೆ, ತಲೆ ಕೆಟ್ಟಿದೆ.

ಏಳನೇ ದಿನವೂ ಹಾಗೆಯೇ. ಎಂಟನೇ ದಿನವೂ ಹಾಗೆಯೇ. ಪ್ರತಿ ದಿನ ಅದೇ ಸೊಟ್ಟ, ಅದೇ ಒಂದು ಕ್ಲಿಪ್, ಅದೇ ಘಾಟು. ಪ್ರತಿ ದಿನ ಕೆಂಡಕ್ಕ ಅದನ್ನು ನೇರ ಮಾಡಿದಳು. ಎಂಟನೆಯ ಸಂಜೆ ಸಿಟ್ಟಿಗೆ ಕಿಟಕಿಯನ್ನೇ ಬೇಗ ಮುಚ್ಚಿಬಿಟ್ಟಳು.

ಒಂಬತ್ತನೇ ದಿನ ಬೆಳಗ್ಗೆ ಕಿಟಕಿ ತೆರೆದರೆ ಬಟ್ಟೆ ನೇರವಾಗಿತ್ತು. ಎರಡು ತುದಿ, ಎರಡು ಕ್ಲಿಪ್, ಗೀಟು ಎಳೆದ ಹಾಗೆ ಅಂಚು. ಕೆಂಡಕ್ಕನ ಮುಖ ಅರಳಿತು. "ದಾರಿಗೆ ಬಂದಳು," ಎಂದು ಹಾಲು ಕಾಸಿಕೊಂಡಳು, ಬ್ರೆಡ್ ಅದ್ದಿಕೊಂಡು ತಿಂದಳು. ಇವತ್ತು ನಾನೇ ಮೊದಲು ಮಾತಾಡಿಸ್ತೀನಿ, ದೊಡ್ಡವಳು ನಾನಲ್ವಾ, ಎಂದು ಹತ್ತು ಗಂಟೆಯ ಹೊತ್ತಿಗೆ ಮತ್ತೆ ಕಿಟಕಿಗೆ ಬಂದಳು. ಬಾಯಿ ತೆರೆದಳು.

ಆಗ ಅವಳ ಕಣ್ಣು ಮಡಿಕೆಯ ಮೇಲೆ ಬಿತ್ತು. ನಾಲ್ಕು ಬೆರಳು.

ಗಂಜಿ ಸತ್ತರೂ ನಾಲ್ಕು ಬೆರಳು ಮಡಿಸುವವಳಲ್ಲ. ಅದು ಕೆಂಡಕ್ಕನದೇ ಕೈ. ನಿನ್ನೆಯದೇ ಬಟ್ಟೆ. ಸಂಜೆ ಒಳಗೆ ಹೋಗಿಲ್ಲ, ಬೆಳಗ್ಗೆ ಹೊರಗೆ ಬಂದಿಲ್ಲ. ತಾನು ತಿದ್ದಿಟ್ಟ ಬಟ್ಟೆಯನ್ನು ನೋಡಿ, ಎದುರು ಮನೆಯವಳು ಚೆನ್ನಾಗಿದ್ದಾಳೆಂದು ನಂಬಿ, ತಾನು ಹಾಲು ಕುಡಿದು ಬಂದಿದ್ದಳು.

"ಗಂಜಿ! ಏ ಗಂಜಿ!"

ಫೋನ್ ಮಾಡಿದಳು. ಹನ್ನೆರಡು ಅಡಿ ಆಚೆ, ಮುಚ್ಚಿದ ಕಿಟಕಿಯ ಹಿಂದೆ, ಫೋನ್ ರಿಂಗಾಗುವುದು ಕೇಳಿಸಿತು. ರಿಂಗಾಗಿ ರಿಂಗಾಗಿ ನಿಂತಿತು.

ಐವತ್ತನಾಲ್ಕು ಮೆಟ್ಟಿಲು ಇಳಿಯಬೇಕು, ಐವತ್ತನಾಲ್ಕು ಹತ್ತಬೇಕು. ಅವಳ ಮಂಡಿಗಳು ಅದನ್ನು ಹೇಗೆ ಮಾಡಿದವೋ. ನಡುವೆ ಆಯಮ್ಮ ಸೇರಿಕೊಂಡಳು. ಎದುರು ಕಟ್ಟಡದ ಎರಡನೇ ಮಹಡಿಯಲ್ಲಿ ಟೇಲರಮ್ಮನ ಬಾಗಿಲು ಬಡಿದು ಬಡಿದು ಗಂಜಿಯ ಇನ್ನೊಂದು ಕೀ ಇಸಿದುಕೊಂಡರು.

"ಏನಾಯ್ತ್ರೇ? ಎರಡು ದಿನದಿಂದ ಮೇಲೆ ಏನೋ ಎಳೆದಾಡಿದ ಹಾಗಿತ್ತು. ಮಂಚ ಸರಿಸ್ತಿದಾಳೆ ಅಂದ್ಕೊಂಡೆ," ಎಂದಳು ಟೇಲರಮ್ಮ. ಅದು ಕೆಮ್ಮು.

ಗಂಜಿ ಕಿಟಕಿಯ ಕೆಳಗೆ ನೆಲದ ಮೇಲಿದ್ದಳು. ಉಸಿರಿತ್ತು. ಪ್ರತಿ ಉಸಿರೂ ಹರಿದ ಚೀಲದಿಂದ ಗಾಳಿ ಬಂದಂತೆ ಬರುತ್ತಿತ್ತು. ಅವಳ ಪಕ್ಕದಲ್ಲಿ ಮರದ ಉದ್ದನೆಯ ಇಕ್ಕಳ ಬಿದ್ದಿತ್ತು, ಲಾಂಡ್ರಿಯಲ್ಲಿ ಕುದಿಯುವ ಡ್ರಮ್ಮಿನಿಂದ ಬಟ್ಟೆ ಎತ್ತುವಂಥದು. ಒಂದು ಬಟ್ಟಲು ಬ್ಲೀಚ್ ನೀರು, ಅದರೊಳಗೆ ಎರಡು ಕ್ಲಿಪ್. ಮೂಲೆಯ ಬಕೆಟ್ಟಿನಲ್ಲಿ ಸೋಪಿನ ನೊರೆ ಆರಿಹೋದ ನೀರು, ಅದರಲ್ಲಿ ನೆನೆದು ಮುಳುಗಿದ್ದ ಹಸಿರು ತುಂಡು. ಎರಡು ಮೂಲೆಗೆ ದಾರ ಕಟ್ಟಿತ್ತು, ಮುಖಕ್ಕೆ ಕಟ್ಟಿಕೊಳ್ಳುವ ಹಾಗೆ.

ಆಯಮ್ಮ ಅದನ್ನು ನೋಡಿದಳು. ಕೆಂಡಕ್ಕನೂ ನೋಡಿದಳು. ಯಾರೂ ಹೇಳಬೇಕಿರಲಿಲ್ಲ. ಗಂಜಿ ಹಿಂದಿನ ಗೇಟಿನಿಂದ ಹೋಗಿದ್ದಳು.

ಆಯಮ್ಮ ಆಸ್ಪತ್ರೆಗೆ ಫೋನ್ ಮಾಡಿದಳು. ವಯಸ್ಸೆಷ್ಟು ಎಂದು ಕೇಳಿದರು. ಅರವತ್ತೆಂಟು. ಮನೆಯಲ್ಲೇ ನೋಡಿಕೊಳ್ಳಿ, ಹಾಸಿಗೆ ಇಲ್ಲ. ನಿಮ್ಮಲ್ಲೇ ಕೆಲಸ ಮಾಡಿ ಹತ್ತಿಸಿಕೊಂಡದ್ದು ಎಂದಳು ಆಯಮ್ಮ. ಫೋನನ್ನು ಲಾಂಡ್ರಿಗೆ ಕೊಟ್ಟರು. ಸೂಪರ್‌ವೈಸರ್ ಹಾಜರಿ ಪುಸ್ತಕದ ಹಾಳೆ ತಿರುಗಿಸುವ ಸದ್ದು ಫೋನಿನಲ್ಲಿ ಕೇಳಿಸಿತು. ಆಮೇಲೆ ಅವನ ದನಿ. "ಆ ಹೆಸರಿನವರು ಯಾರೂ ಡ್ಯೂಟಿಗೆ ಬಂದಿಲ್ಲವಲ್ಲ ತಾಯಿ."

ಅವಳು ಒಗೆದ ಹಾಸುಗಳ ಮೇಲೆ ಆ ಹೊತ್ತಿನಲ್ಲಿ ಜನ ಮಲಗಿದ್ದರು. ಅವಳಿಗೆ ಮಾತ್ರ ಅಲ್ಲಿ ಹಾಸಿಗೆ ಇರಲಿಲ್ಲ, ಹೆಸರೂ ಇರಲಿಲ್ಲ.

ಫೋನ್ ಇಟ್ಟು ಆಯಮ್ಮ ಸೆರಗಿನಿಂದ ಮೂಗು ಬಾಯಿ ಬಿಗಿದು ಕಟ್ಟಿಕೊಂಡಳು. "ಒಳಗೆ ಒಬ್ಬರೇ ಇರಬೇಕು. ನಾನಿರ್ತೀನಿ, ನಂಗೆ ಅಭ್ಯಾಸ ಇದೆ."

"ನಿಂಗೆ ಸಕ್ಕರೆ ಕಾಯಿಲೆ. ಹೊರಗೆ ನಡಿ. ಹಗ್ಗ ಕತ್ತರಿಸ್ತೀನಿ ಅಂದವಳು ನಾನು. ಒಳಗೂ ನಾನೇ ಇರ್ತೀನಿ."

"ಕೆಂಡಕ್ಕ, ಇದು ಹಟ ಮಾಡೋ ಹೊತ್ತಲ್ಲ."

"ಹಟ ಅಲ್ಲ ಕಣೇ." ಅವಳ ದನಿ ಮೊದಲ ಸಲ ಸಣ್ಣದಾಗಿತ್ತು. "ಮೂರು ದಿನ ಅವಳು ಕೂಗಿದ್ದನ್ನ ನಾನು ಮಡಿಚಿ ಮಡಿಚಿ ಇಟ್ಟಿದೀನಿ."

ಆಯಮ್ಮ ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕುಳಿತು ಹೇಳಿಕೊಟ್ಟಳು, ಕೆಂಡಕ್ಕ ಮಾಡಿದಳು. ಬೋರಲು ಮಲಗಿಸು. ಎದೆ ಕೆಳಗೆ ದಿಂಬು ಕೊಡು. ಗಂಟೆಗೊಮ್ಮೆ ಮಗ್ಗುಲು ಬದಲಿಸು. ಚಮಚದಲ್ಲಿ ನೀರು, ತುಟಿಗೆ ಮುಟ್ಟಿಸು, ಸುರೀಬೇಡ. ಟೇಲರಮ್ಮ ತನ್ನ ಒಲೆಯಲ್ಲಿ ನೀರು ಕಾಯಿಸಿ ಕಾಯಿಸಿ ತಂದು ಬಾಗಿಲ ಬಳಿ ಇಟ್ಟು ಹೋದಳು. ಆಯಮ್ಮ ದಿನಕ್ಕೆ ಮೂರು ಸಲ ಆಸ್ಪತ್ರೆಗೆ ಫೋನ್ ಮಾಡಿದಳು, ಮೂರು ಸಲವೂ ಅದೇ ಉತ್ತರ. ಮಲಗಿದವಳ ಮೈಕೆಳಗಿನ ಹಾಸನ್ನು ಒಬ್ಬಳೇ ಬದಲಿಸುವುದು ಕಷ್ಟ. ಕೆಂಡಕ್ಕ ಅದನ್ನೂ ಕಲಿತಳು. ಅರ್ಧ ಸುತ್ತಿ, ಮೈ ಹೊರಳಿಸಿ, ಇನ್ನರ್ಧ ಬಿಡಿಸಬೇಕು. ಸಾವಿರಾರು ಹಾಸು ಮಡಿಸಿದ ಕೈಗೆ ಅದರ ಮೇಲೆ ಮನುಷ್ಯರು ಇರುತ್ತಾರೆಂಬುದು ಮೊದಲ ಸಲ ಗೊತ್ತಾಯಿತು.

ಎರಡನೇ ದಿನ ಮಧ್ಯಾಹ್ನ ಗಂಜಿಯ ಜ್ವರ ಸ್ವಲ್ಪ ಇಳಿಯಿತು. ಕಣ್ಣು ಬಿಟ್ಟು ನೋಡಿದಳು.

"ಕತ್ತರಿಸಿದ್ಯಾ?"

"ಏನನ್ನ?"

"ಹಗ್ಗ."

"ಕತ್ತರಿ ಸಿಗಲಿಲ್ಲ ಬಿಡು."

ಗಂಜಿಯ ತುಟಿ ಸ್ವಲ್ಪ ಅಲುಗಿತು. ನಗು ಇರಬೇಕು. ಆಮೇಲೆ ಒಂದೊಂದು ಮಾತಿಗೆ ಒಂದೊಂದು ಉಸಿರು ಹುಡುಕುತ್ತ ಹೇಳಿದಳು. ಎರಡೇ ದಿನ ಹೋಗಿದ್ದೆ. ಮಷೀನು ಕೆಟ್ಟಿತ್ತು. ಕೈಯಲ್ಲೇ ಒಗೆದೆ. ಗ್ಲೌಸ್ ಕೇಳಿದೆ, ನಾಳೆ ಬರುತ್ತೆ ಅಂದ್ರು. ಚೀಲದ ಮೇಲೆ ಗುರುತೂ ಇರಲಿಲ್ಲ. ನಿನ್ನ ಕಾಗದದಲ್ಲಿ ಬರೆದಿದ್ದೆಲ್ಲ ನಿಜ ಕಣೇ.

"ಹಸಿರು ಯಾಕೆ ಹಾಕಲಿಲ್ಲ? ನಾಚಿಕೆನಾ? ನಾನು ಬೈತೀನಿ ಅಂತಾನಾ?"

"ಅದೂ ಇತ್ತು." ಮೂಲೆಯ ಬಕೆಟ್ಟಿನ ಕಡೆ ಕಣ್ಣು ಹೊರಳಿಸಿದಳು. "ಮುಖಕ್ಕೆ ಕಟ್ಟಿದ್ದೆ ಅದನ್ನ. ವಾರ್ಡಿನ ಕೊಳೆ ಅದರ ಮೇಲೆ. ಒಗೆದು ಹಾಕೋಣ ಅಂತ ನೆನೆಹಾಕಿದೆ. ಹಿಂಡೋಕೆ ಆಗಲಿಲ್ಲ."

"ಕೊಳೇನೇ ಹಾಕಬೇಕಿತ್ತು! ಯಾರು ನೋಡ್ತಾರೆ!"

"ನೀನು ಎಳ್ಕೊಳ್ತೀಯಲ್ಲ."

ಕೆಂಡಕ್ಕನಿಗೆ ತಕ್ಷಣ ತಿಳಿಯಲಿಲ್ಲ.

"ನೀನು ಸುಮ್ಮನಿರಲ್ವಲ್ಲ," ಎಂದಳು ಗಂಜಿ. "ಬಟ್ಟೆ ಏನೇ ಇರಲಿ ನಿನ್ನ ಕಡೆ ಎಳೀತೀಯ. ಕೈಯಲ್ಲಿ ಮುಟ್ತೀಯ. ಅದಕ್ಕೇ ಪೆಟ್ಟಿಗೆಯಲ್ಲಿದ್ದ ಬಿಳೀದು ತೆಗೆದು, ಇಕ್ಕಳದಲ್ಲೇ ಹಿಡಿದು ಹಾಕಿದೆ. ನನ್ನ ಕೈ ತಾಗಬಾರದು ಅಂತ. ಇಕ್ಕಳದಲ್ಲಿ ಎರಡು ಕ್ಲಿಪ್ ಹಾಕೋಕೆ ಬರಲ್ಲ ಕಣೇ. ಸೊಟ್ಟ ಆಯ್ತು. ಬೈದಿರ್ತೀಯ."

"ಬೈದೆ," ಎಂದಳು ಕೆಂಡಕ್ಕ.

ಒದ್ದೆ ಬಟ್ಟೆ ತೆಗೆದುಕೊಂಡು ಗಂಜಿಯ ಹಣೆ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸಿದಳು.

"ಚರ್ಮ ಹೋಗುತ್ತೆ ಬಿಡೇ," ಎಂದಳು ಗಂಜಿ.

ಮೂರನೇ ದಿನ ಅವಳು ಮಾತಾಡಲಿಲ್ಲ. ನಾಲ್ಕನೇ ದಿನ ಬೆಳಗ್ಗೆ, ಬಿಸಿಲು ಓಣಿಗೆ ಇಳಿಯುವ ಹೊತ್ತಿಗೆ, ಒಂದು ಉಸಿರಿಗೂ ಇನ್ನೊಂದು ಉಸಿರಿಗೂ ನಡುವಿನ ಜಾಗ ದೊಡ್ಡದಾಗುತ್ತ ಹೋಯಿತು. ಕೆಂಡಕ್ಕ ಅವಳ ಬೆನ್ನ ಮೇಲೆ ಕೈ ಇಟ್ಟುಕೊಂಡು ಎಣಿಸುತ್ತ ಕುಳಿತಿದ್ದಳು. ಎಣಿಕೆ ನಲವತ್ತು ದಾಟಿತು, ಅರವತ್ತು ದಾಟಿತು. ನೂರರವರೆಗೂ ಎಣಿಸಿ ಅವಳು ಬಾಗಿಲ ಕಡೆ ತಿರುಗಿದಳು. ಮೆಟ್ಟಿಲ ಮೇಲಿದ್ದ ಆಯಮ್ಮ ಆಗಲೇ ಎದ್ದು ನಿಂತಿದ್ದಳು.

ವ್ಯಾನಿನವರು ಪ್ಲಾಸ್ಟಿಕ್ ಚೀಲ ತಂದರು. ಬೇಗ ಮಾಡಿ ಎಂದರು. ಕೆಂಡಕ್ಕ ಬಾಗಿಲಿಗೆ ಅಡ್ಡ ನಿಂತಳು. "ಹಾಸು ಇಲ್ಲದೆ ಅವಳು ಹೋಗಲ್ಲ." ಇಬ್ಬರು ಹುಡುಗರು ಮುಖ ಮುಖ ನೋಡಿಕೊಂಡರು. ಅವರಿಗೂ ಗ್ಲೌಸ್ ಹರಿದಿತ್ತು. ಅವರು ಕಾದರು. ಪೆಟ್ಟಿಗೆಯಲ್ಲಿ ಉಳಿದಿದ್ದ ಬಿಳಿಯದನ್ನು ಕೆಂಡಕ್ಕ ಹೊದೆಸಿದಳು, ಅಂಚನ್ನು ಗದ್ದದ ಕೆಳಗೆ ಮಡಿಸಿದಳು. ಎರಡೇ ಬೆರಳು.

ಆಮೇಲೆ ಹದಿನಾಲ್ಕು ದಿನ ಅವಳು ಆ ಕೋಣೆಯಲ್ಲೇ ಇರಬೇಕೆಂದು ಆಯಮ್ಮ ಕಟ್ಟಪ್ಪಣೆ ಮಾಡಿದಳು. ಈಗ ಕೆಂಡಕ್ಕ ಗಂಜಿಯ ಕಿಟಕಿಯಲ್ಲಿ, ಎದುರಿಗೆ ತನ್ನದೇ ಖಾಲಿ ಕಿಟಕಿ. ದಿನಾ ಏಳಕ್ಕೆ ಆಯಮ್ಮ ಒಂದು ಮಹಡಿ ಹತ್ತಿ ಬಂದು ಅಲ್ಲಿ ನಿಂತು ನೋಡುವಳು. ಕೆಂಡಕ್ಕ ಬಿಳಿ ಹಾಕುವಳು. ಆಯಮ್ಮ ತಲೆಯಾಡಿಸಿ ಇಳಿದುಹೋಗುವಳು.

ಆ ಹಸಿರು ತುಂಡನ್ನು ಕೆಂಡಕ್ಕ ಮೂರು ಸಲ ಕುದಿಸಿದಳು, ಹಿಂಡಿದಳು, ಕೋಣೆಯೊಳಗೇ ಒಣಗಿಸಿದಳು. ದಾರ ಬಿಚ್ಚಲಿಲ್ಲ. ಸಹಿ ಹಾಕಿದ ಕಾಗದ ಅವಳ ರವಿಕೆಯೊಳಗೇ ಇತ್ತು. ತೆಗೆದು ಓದಿದಳು. ಗ್ಲೌಸ್, ಮಾಸ್ಕ್, ಗುರುತು, ಹಾಜರಿ. ಒಂದು ಮಾತೂ ತಪ್ಪಿರಲಿಲ್ಲ. ಆದರೆ ಹೋದವಳು ತಿರುಗಿ ಬಂದಾಗ ಅವಳಿಗೆ ಬಾಗಿಲು ತೆರೆದಿರುತ್ತದೆಂದು ಅದರಲ್ಲಿ ಎಲ್ಲೂ ಬರೆದಿರಲಿಲ್ಲ. ಬರೆಸಿದವಳಿಗೆ ಅದು ತೋಚಿರಲಿಲ್ಲ. ಆಸ್ಪತ್ರೆ ಅವಳ ಹೆಸರನ್ನು ಪುಸ್ತಕದಿಂದ ಹೊರಗಿಟ್ಟಿತ್ತು, ಕೆಂಡಕ್ಕ ಹಗ್ಗದಿಂದ. ನಡುವೆ ಬಿದ್ದವಳು ಇಕ್ಕಳ ಹಿಡಿದುಕೊಂಡು ಒಬ್ಬಳೇ ಕೆಮ್ಮಿದ್ದಳು.

ಐದನೇ ದಿನ ಬೆಳಗ್ಗೆ ಆಯಮ್ಮ ಬಂದು ನೋಡಿದರೆ ಹಗ್ಗದ ನಡುವೆ ಹಸಿರು ತೂಗುತ್ತಿತ್ತು. ನಟ್ಟನಡುವೆ ಮುದ್ದೆ ಮಾಡಿ, ಒಂದೇ ಕ್ಲಿಪ್.

"ಅಯ್ಯೋ! ಏನಾಯ್ತೇ? ಜ್ವರಾನಾ?"

"ಇಲ್ಲ."

"ಕೆಮ್ಮಾ? ಉಸಿರು ಕಟ್ತಿದ್ಯಾ?"

"ಇಲ್ಲ."

"ಮತ್ತೆ ಯಾಕೆ ಹಾಕಿದೀಯ ಮಹಾರಾಯ್ತಿ, ಎದೆ ಒಡೆದುಹೋಯ್ತು!"

ಕೆಂಡಕ್ಕ ಕಿಟಕಿಯ ಕಂಬಿ ಹಿಡಿದು ನಿಂತಿದ್ದಳು. ಅರವತ್ತೊಂಬತ್ತು ವರ್ಷ ಬಾಯಿಗೆ ಬಾರದ ಮಾತು ಅದು.

"ಒಬ್ಬಳೇ ಇರೋಕೆ ಆಗ್ತಿಲ್ಲ," ಎಂದಳು. "ಬಾ. ಮೆಟ್ಟಿಲ ಮೇಲೇ ಕೂತ್ಕೋ. ಟೇಲರಮ್ಮನ್ನೂ ಕರಿ. ಆ ಕಾಗದ ಇನ್ನೊಂದ್ಸಲ ಬರೀಬೇಕು. ಮೊದಲನೇ ಸಾಲಲ್ಲಿ ಅವಳ ಎರಡು ದಿನದ ಹಾಜರಿ."

ಆಯಮ್ಮ ಅವಳನ್ನೂ ನೋಡಿದಳು, ಬಟ್ಟೆಯನ್ನೂ ನೋಡಿದಳು. ಅಭ್ಯಾಸಬಲದಿಂದ ಕೈ ಹಗ್ಗಕ್ಕೆ ಹೋಯಿತು, ಎಳೆದು ನೇರ ಮಾಡಲು. ಹಾಗೇ ನಿಂತಿತು. ಕೈ ತೆಗೆದಳು.

ಸ್ವಲ್ಪ ಹೊತ್ತಿಗೆ ಈ ಕಟ್ಟಡದ ಮೆಟ್ಟಿಲುಗಳಲ್ಲಿ ಸದ್ದು ಕೇಳಿಸಿತು. ಮೊದಲು ಟೇಲರಮ್ಮನ ಬಾಗಿಲು ಬಡಿಯುವುದು, ಆಮೇಲೆ ಎರಡು ಜೊತೆ ಚಪ್ಪಲಿ, ನಡುನಡುವೆ ನಿಂತು ಸುಧಾರಿಸಿಕೊಳ್ಳುವ ಉಸಿರು. ಆಮೇಲೆ ಆಯಮ್ಮನ ದನಿ, ಇಡೀ ಕಟ್ಟಡಕ್ಕೆ ಕೇಳುವ ಹಾಗೆ: "ಈ ಮೆಟ್ಟಿಲು ಕಟ್ಟಿಸಿದವನ ಮಂಡಿ ಮುರಿಯಾ!"

"ಏನಂದೆ?" ಎಂದಳು ಟೇಲರಮ್ಮ.

"ಏನಿಲ್ಲ. ಹತ್ತು!"